ಭೂದೃಶ್ಯದಲ್ಲಿ ಮನುಷ್ಯ: ಹಂಪಿಯ ಛಾಯಾಚಿತ್ರಗಳ ವಿಮರ್ಶೆಯನ್ನು ಕುರಿತು

ಭೂದೃಶ್ಯದ ಛಾಯಾಚಿತ್ರದಲ್ಲಿ ಮನುಷ್ಯನಾಗಲಿ ಅವನ ಬದುಕಿನ ಕುರುಹಾಗಲಿ ಕಾಣಿಸಿಕೊಂಡಾಗ ವಿಮರ್ಶೆಯು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಮುಗಿದುಬಿಡುತ್ತದೆ. ಬಂಡೆಯ ಗಾತ್ರವನ್ನು ತಿಳಿಯಲು ಆ ಆಕೃತಿ ನೆರವಾಗಿದೆ ಎನ್ನುವುದು ಒಂದು; ನೋಟಕ್ಕೆ ಅದು ಅಡ್ಡಿಯಾಗಿದೆ ಎನ್ನುವುದು ಮತ್ತೊಂದು. ಸ್ಪರ್ಧೆಗಳ ಪರಿಭಾಷೆಯೂ ಈ ಅಭ್ಯಾಸವನ್ನು ಪೋಷಿಸಿದೆ. ಅಂತರರಾಷ್ಟ್ರೀಯ ಛಾಯಾಗ್ರಹಣ ಸಂಸ್ಥೆಗಳು 2014ರಲ್ಲಿ ಒಪ್ಪಿಕೊಂಡ ನಿಸರ್ಗ ಛಾಯಾಚಿತ್ರದ ವ್ಯಾಖ್ಯೆಯು, ನಿಸರ್ಗದ ಕಥನಕ್ಕೆ ಅವಿಭಾಜ್ಯವಾಗಿದ್ದ ಹೊರತು ಮಾನವ ಅಂಶಗಳನ್ನು ಹೊರಗಿಡುತ್ತದೆ. ಆ ವಿಭಾಗದ ಮಟ್ಟಿಗೆ ಅದು ಯುಕ್ತವೇ. ಅದೇ ಅಳತೆಗೋಲನ್ನು ಭೂದೃಶ್ಯಕ್ಕೂ ಎಳೆದು ತಂದಾಗ ತೊಡಕು ಹುಟ್ಟುತ್ತದೆ. ಹಂಪಿಯು ಇದಕ್ಕೆ ತಕ್ಕ ನಿದರ್ಶನ.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳನ್ನು ಬಳಸಿ ಹಂಪಿಯನ್ನು ಚಿತ್ರಿಸಿದನು. ದೀರ್ಘಕಾಲ ಬೆಳಕಿಗೆ ಒಡ್ಡಬೇಕಾಗಿದ್ದ ಆ ತಂತ್ರದಲ್ಲಿ ನಡೆದಾಡುವ ಜನರು ಮೂಡುವುದು ಕಷ್ಟ. ಆದ್ದರಿಂದ ಅಲ್ಲಿನ ನಿರ್ಜನತೆಯನ್ನು ಊರಿನ ನಿರ್ಜನತೆಯೆಂದು ಓದಲಾಗದು. 1983ರಲ್ಲಿ ಜಾನ್ ಗೋಲಿಂಗ್ಸ್ ಅವೇ ನೆಲೆಗಳಲ್ಲಿ ನಿಂತು ಮರುಚಿತ್ರಣ ಮಾಡಿದರು. ಇಂಥ ಜೋಡಿ ಚಿತ್ರಗಳನ್ನು ನೋಡುವವರು ಸಾಮಾನ್ಯವಾಗಿ ಕಲ್ಲನ್ನಷ್ಟೇ ಹೋಲಿಸುತ್ತಾರೆ.

ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಜನರು ತಲೆಮಾರುಗಳಿಂದ ವಾಸವಾಗಿದ್ದರು, ಅಂಗಡಿಗಳನ್ನಿಟ್ಟಿದ್ದರು. 2011ರ ಜುಲೈನಲ್ಲಿ ಆ ಮನೆ-ಅಂಗಡಿಗಳನ್ನು ತೆರವುಗೊಳಿಸಲಾಯಿತು. ಅದಕ್ಕೂ ಹಿಂದಿನ ಚಿತ್ರವೊಂದರಲ್ಲಿ ಕಂಬಕ್ಕೆ ಕಟ್ಟಿದ ಹಗ್ಗ, ಒಣಗಲು ಹಾಕಿದ ಸೀರೆ ಕಂಡಿತೆನ್ನಿ. ಶಿಲ್ಪದ ಗೆರೆಗಳನ್ನು ಕೆಡಿಸುವುದರಿಂದ ಅದನ್ನು ಕತ್ತರಿಸಬೇಕಿತ್ತು ಎಂಬ ಸಲಹೆ ಆಗ ಸಹಜವಾಗಿ ಬರುತ್ತಿತ್ತು. ಇಂದು ಆ ಹಗ್ಗವೇ ಅಲ್ಲೊಂದು ಸಂಸಾರವಿತ್ತೆಂಬುದಕ್ಕೆ ಸಾಕ್ಷಿ. ಸಂಯೋಜನೆಯ ದೃಷ್ಟಿಯಿಂದ ಸಲಹೆ ತಪ್ಪಲ್ಲದಿರಬಹುದು. ಆದರೆ ಕತ್ತರಿಸಿದ್ದರೆ ಏನು ಹೋಗುತ್ತಿತ್ತೆಂಬುದನ್ನು ವಿಮರ್ಶಕನು ತೂಗಿ ನೋಡಿರುವುದಿಲ್ಲ.

ತುಂಗಭದ್ರೆಯ ಹರಿಗೋಲಿನ ಚಿತ್ರಗಳಲ್ಲಿ ಇದು ಇನ್ನೂ ಸ್ಪಷ್ಟ. ದೋಣಿ ಸಾಗುವ ಕಡೆಗೆ ಚೌಕಟ್ಟಿನಲ್ಲಿ ಜಾಗ ಬಿಡಬೇಕೆಂಬುದು ರೂಢಿಯ ನಿಯಮ. ದುಂಡಗಿನ ಹರಿಗೋಲಿಗೆ ಮೂತಿಯೆಂಬುದೇ ಇಲ್ಲ. ಹುಟ್ಟು ಹಾಕುವವನ ಮೈ ಬಾಗಿದ ಬಗೆಯಿಂದ ಅದರ ದಿಕ್ಕನ್ನು ಊಹಿಸಬೇಕು. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಪುರಂದರದಾಸರ ಮಂಟಪ ಮುಳುಗುತ್ತದೆ. ಅದರ ಕಂಬಗಳಲ್ಲಿ ನೀರು ಎಲ್ಲಿಯವರೆಗಿದೆ ಎಂಬುದನ್ನು ನೋಡಿ ಹರಿಗೋಲು ಇಳಿಸುವ ಹೊತ್ತೇ ಅಲ್ಲವೇ ಎಂದು ಹೊಳೆಯ ಒಡನಾಟವುಳ್ಳವನು ಹೇಳಬಲ್ಲ. ಇದೂ ವಿಮರ್ಶೆಯೇ, ಬೆಳಕು-ನೆರಳಿನ ಮಾತಿಗಿಂತ ಕೆಳಗಿನದೇನಲ್ಲ.

ಮನುಷ್ಯಾಕೃತಿಯೆಲ್ಲವೂ ಅರ್ಥಪೂರ್ಣವೆಂದು ಇದರ ತಾತ್ಪರ್ಯವಲ್ಲ. ಹಣ ಕೊಟ್ಟು ಕೊಡೆ ಹಿಡಿಸಿ ಬಂಡೆಯ ಮೇಲೆ ನಿಲ್ಲಿಸಿದ ವ್ಯಕ್ತಿ ಬಣ್ಣದ ಚುಕ್ಕೆಯಷ್ಟೇ. ಅದನ್ನು ದಾಕ್ಷಿಣ್ಯವಿಲ್ಲದೆ ಹೇಳಬೇಕು. ಹೇಳುವ ಮುನ್ನ ಕಂಡದ್ದನ್ನು ವಿವರಿಸುವುದು, ಆ ವ್ಯಕ್ತಿ ಮಾಡುತ್ತಿರುವ ಕೆಲಸವೇನೆಂದು ಕೇಳುವುದು ಲೇಸು. ಛಾಯಾಗ್ರಾಹಕನೂ ಮೊದಲೇ ವಿವರಣೆಗಿಳಿಯಬಾರದು. ಚಿತ್ರವು ತಾನಾಗಿ ಏನನ್ನು ಮುಟ್ಟಿಸಿತು, ಏನನ್ನು ಮುಟ್ಟಿಸಲಿಲ್ಲ ಎಂಬುದು ಆ ಮೌನದಲ್ಲೇ ಅವನಿಗೆ ತಿಳಿಯುತ್ತದೆ. ಅನಂತರ ಅವನು ಸ್ಥಳ, ದಿನ, ಕೆಲಸದ ಹೆಸರುಗಳನ್ನು ನೀಡಲಿ. ಸಲಹೆಯನ್ನೊಪ್ಪಿ ಚಿತ್ರವನ್ನು ಕತ್ತರಿಸಿದರೂ ಕತ್ತರಿಸದ ಮೂಲಪ್ರತಿಯನ್ನು ಈ ವಿವರಗಳೊಡನೆ ಕಾಯ್ದಿಡಬೇಕು. ಗ್ರಂಥಾಲಯಗಳು ಸಂಗ್ರಹಿಸಬೇಕಾದುದು ಆ ಪ್ರತಿಯನ್ನು.