ಪಂಪನ ತಮ್ಮ ಬಂಡೆ ಮೇಲೆ ಬರೆಸಿದ್ದು: ಕುರಿಕ್ಯಾಲದ ಬೊಮ್ಮಲಗುಟ್ಟ

ವಿಡಿಯೋ ನೋಡೋಕೆ ಪುರುಸೊತ್ತು ಸಿಗದವರಿಗೆ ಈ ವಾರದ ಮಾತು ಇಲ್ಲಿ ಬರಹದಲ್ಲಿದೆ.

ನನ್ನ ಮಗಳಿಗೆ ಏಳು ವರ್ಷ. ಹುಟ್ಟಿದ್ದು, ಬೆಳೀತಿರೋದು ಹೈದರಾಬಾದಲ್ಲೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಹೋದ ತಿಂಗಳು ಊಟಕ್ಕೆ ಕೂತಾಗ ಕೇಳಿದಳು: "ಅಪ್ಪಾ, ಇಲ್ಲಿ ಯಾರೂ ಕನ್ನಡ ಮಾತಾಡಲ್ವಲ್ಲ, ನಾವ್ಯಾಕೆ ಮಾತಾಡ್ಬೇಕು?" ತಕ್ಷಣ ಉತ್ತರ ಹೊಳೀಲಿಲ್ಲ. ಮುಂದಿನ ಭಾನುವಾರ ಅವಳನ್ನ ಕರ್ಕೊಂಡು ಕುರಿಕ್ಯಾಲಕ್ಕೆ ಹೊರಟೆ.

ಕುರಿಕ್ಯಾಲ ಕರೀಂನಗರ ಜಿಲ್ಲೆ, ಗಂಗಾಧರ ಮಂಡಲದ ಹಳ್ಳಿ. ರಾಜೀವ್ ರಹದಾರಿ ಹಿಡಿದು ಸಿದ್ದಿಪೇಟೆ ಮೇಲೆ ಕರೀಂನಗರ, ಅಲ್ಲಿಂದ ಜಗಿತ್ಯಾಲದ ರಸ್ತೆ. ಹಳ್ಳಿ ಹತ್ತಿರದ ಕಲ್ಲುಗುಡ್ಡವೇ ಬೊಮ್ಮಲಗುಟ್ಟ. ತೆಲುಗಲ್ಲಿ ಬೊಮ್ಮ ಅಂದ್ರೆ ಗೊಂಬೆ, ಗುಟ್ಟ ಅಂದ್ರೆ ಗುಡ್ಡ. ಬಂಡೆ ಮೇಲೆ ತೀರ್ಥಂಕರರು ಮತ್ತು ಚಕ್ರೇಶ್ವರಿ ಯಕ್ಷಿಯ ಉಬ್ಬುಶಿಲ್ಪಗಳಿವೆ, ಜೊತೆಗೊಂದು ಶಾಸನ. ಕಾಲ ಸುಮಾರು ಕ್ರಿ.ಶ. 945. ಬರೆಸಿದವನು ಜಿನವಲ್ಲಭ, ನಮ್ಮ ಆದಿಕವಿ ಪಂಪನ ತಮ್ಮ.

ಪಂಪ ಅಂದ ಕೂಡಲೇ ನಮಗೆ ಬನವಾಸಿ ನೆನಪಾಗುತ್ತೆ. ಆದರೆ ಅವನು ಆಸ್ಥಾನ ಕವಿಯಾಗಿದ್ದದ್ದು ಇದೇ ತೆಲಂಗಾಣದ ವೇಮುಲವಾಡದಲ್ಲಿ, ರಾಷ್ಟ್ರಕೂಟರ ಸಾಮಂತನಾದ ಚಾಲುಕ್ಯ ಇಮ್ಮಡಿ ಅರಿಕೇಸರಿಯ ಹತ್ತಿರ. 'ಆದಿಪುರಾಣ' ಮುಗಿಸಿದ್ದು 941ರಲ್ಲಿ. 'ವಿಕ್ರಮಾರ್ಜುನ ವಿಜಯ'ಕ್ಕೆ ಅರಸ ಕೊಟ್ಟದ್ದು ಧರ್ಮಪುರ ಎಂಬ ಅಗ್ರಹಾರ.

ಪಂಪನ ಮನೆತನದ ವಿವರ ಗಟ್ಟಿಯಾಗಿ ಸಿಗೋದು ಈ ಬಂಡೆಯಿಂದಲೇ. ತಂದೆ ಭೀಮಪಯ್ಯ, ಅವನ ಮೂಲ ವೆಂಗಿನಾಡಿನ ವಂಗಿಪರ್ರು, ಅಂದ್ರೆ ಇವತ್ತಿನ ಆಂಧ್ರ. ತಾಯಿ ಅಬ್ಬಣಬ್ಬೆ, ಧಾರವಾಡ ಸೀಮೆಯ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದ ಹೆಣ್ಣುಮಗಳು. ತಂದೆ ಕಡೆ ಆಂಧ್ರ, ತಾಯಿ ಕಡೆ ಧಾರವಾಡ, ಕೆಲಸ ತೆಲಂಗಾಣದಲ್ಲಿ. ನಮ್ಮ ಅಪಾರ್ಟ್‌ಮೆಂಟಲ್ಲೂ ಇಂಥ ಮನೆಗಳು ಎಷ್ಟಿಲ್ಲ?

ಜಿನವಲ್ಲಭ ಇಲ್ಲಿ ತ್ರಿಭುವನತಿಲಕ ಅನ್ನೋ ಬಸದಿ ಕಟ್ಟಿಸಿದ, ಮದನವಿಲಾಸ ಅನ್ನೋ ತೋಟ ಮಾಡಿಸಿದ, ಕೆರೆ ತೋಡಿಸಿ ಅಣ್ಣನ ಬಿರುದನ್ನೇ ಇಟ್ಟ: ಕವಿತಾಗುಣಾರ್ಣವ. ಇದನ್ನೆಲ್ಲ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಬರೆಸಿದ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂದೇ ರಿಲೀಸ್, ಮೂರು ಲ್ಯಾಂಗ್ವೇಜ್. ಇಲ್ಲಿನ ತೆಲುಗು ಕಂದಪದ್ಯಗಳು ನನ್ನಯನ ಮಹಾಭಾರತಕ್ಕಿಂತ ಸುಮಾರು ನೂರು ವರ್ಷ ಹಳೆಯವು. ಹಾಗಾಗಿ ತೆಲುಗರಿಗೂ ಈ ಬಂಡೆ ಅಷ್ಟೇ ಅಮೂಲ್ಯ.

ಇನ್ನು ಚಿಂತೆಯ ಮಾತು. ಕರೀಂನಗರದ ಸುತ್ತ ಗ್ರಾನೈಟ್ ವ್ಯಾಪಾರ ಜೋರು. ಗಣಿಯವರ ಕಣ್ಣಿಗೆ ಗುಡ್ಡ ಅಂದ್ರೆ ಟನ್ ಲೆಕ್ಕ. ಫ್ರಾನ್ಸಿನ ವೆಜಲೆ ಅನ್ನೋ ಚಿಕ್ಕ ಊರಿನ ಹನ್ನೆರಡನೇ ಶತಮಾನದ ಚರ್ಚು ಕುಸಿಯೋ ಹಂತದಲ್ಲಿತ್ತು. 1834ರಿಂದ ಸ್ಮಾರಕಗಳ ಇನ್ಸ್‌ಪೆಕ್ಟರ್ ಆಗಿದ್ದ ಸಾಹಿತಿ ಪ್ರಾಸ್ಪರ್ ಮೆರಿಮೆ ಅದಕ್ಕಾಗಿ ಬಡಿದಾಡಿದ. 1840ರಲ್ಲಿ ದುರಸ್ತಿ ಶುರುವಾಯ್ತು, ಚರ್ಚು ಉಳೀತು. ಬಿದ್ದ ಗೋಡೆಯನ್ನ ಮತ್ತೆ ಕಟ್ಟಬಹುದು. ಸಿಡಿದ ಬಂಡೆಯ ಅಕ್ಷರಗಳನ್ನ ಹೇಗೆ ಜೋಡಿಸೋದು? ಹೋಗಿ ನೋಡುವವರು ಇದ್ದಾರೆ ಅಂತ ಗೊತ್ತಾಗೋದೇ ಇಂಥ ಜಾಗಕ್ಕೆ ಮೊದಲ ಕಾವಲು.

ಹೋಗುವವರಿಗೆ ಎರಡು ಮಾತು. ಬೆಳಿಗ್ಗೆ ಇಲ್ಲಾ ಸಂಜೆ ಹೋಗಿ, ಓರೆ ಬಿಸಿಲಲ್ಲಿ ಅಕ್ಷರ ಎದ್ದು ಕಾಣುತ್ತೆ. ಓದೋಕೆ ಅಂತ ಸೀಮೆಸುಣ್ಣ, ಎಣ್ಣೆ, ನೀರು ಏನನ್ನೂ ಹಚ್ಚಬೇಡಿ.

ಬಂಡೆ ಮುಂದೆ ನಿಂತ ಮಗಳು ಕೇಳಿದಳು: "ಇದರಲ್ಲಿ ಕನ್ನಡ ಯಾವ್ದು, ತೆಲುಗು ಯಾವ್ದು?" ಆಗ ಎರಡಕ್ಕೂ ಲಿಪಿ ಒಂದೇ ಪುಟ್ಟಿ, ನೋಡಿದ್ರೆ ಗೊತ್ತಾಗಲ್ಲ, ಎರಡೂ ಭಾಷೆ ಬಂದ್ರೆ ಮಾತ್ರ ಗೊತ್ತಾಗೋದು ಅಂದೆ. "ಹಾಗಾದ್ರೆ ನಂಗೆ ಗೊತ್ತಾಗುತ್ತೆ" ಅಂದಳು.

ನೀವೂ ಮಕ್ಕಳನ್ನ ಕರ್ಕೊಂಡು ಹೋಗಿಬನ್ನಿ. ಮುಂದಿನ ವಾರ ಸಿಗೋಣ.