ಶಬ್ದ ಉಂಟು, ಚಿತ್ರ ಇಲ್ಲ

ಕೊಚ್ಚಿಯ ಕಲೂರಿನಲ್ಲಿ, ಕ್ರೀಡಾಂಗಣದ ಮಗ್ಗುಲಲ್ಲಿ ಮೆಟ್ರೋ ರೈಲು ಹಾದುಹೋಗುವ ಬೀದಿಯಿಂದ ತುಸು ಒಳಗೆ, ಕಾಸರಗೋಡಿನಿಂದ ಬಂದು ನೆಲೆಸಿರುವ ನನ್ನ ಷಡ್ಡಕರ ಮನೆಯಲ್ಲಿ ಒಂದು ಅಪರಾಹ್ಣ, ಅವರ ಮಗಳ ಮದುವೆಯ ವಿಡಿಯೊ ನೋಡಲೆಂದು ಗಣಕದ ಮುಂದೆ ಕುಳಿತ ನಮಗೆ ನಾಗಸ್ವರವೂ ಪುರೋಹಿತರ ಮಂತ್ರವೂ ನಿಚ್ಚಳವಾಗಿ ಕೇಳಿಬಂದರೂ, ತೆರೆಯ ಮೇಲೆ ಕಗ್ಗತ್ತಲೆಯಲ್ಲದೆ ಬೇರೇನೂ ಮೂಡಲಿಲ್ಲ.

“ಶಬ್ದ ಉಂಟು ಭಾವ, ಚಿತ್ರವೇ ಇಲ್ಲ. ಹೊಸತು ಹಾಕಿದ ಮೇಲೆ ಫೈಲೇ ಹಾಳಾಯಿತೋ ಏನೋ!” ಎಂದರು ಷಡ್ಡಕರು.

ಅವರು ಹಿಂದಿನ ದಿನವಷ್ಟೇ ಹಳೆಯ ಕಾರ್ಯಾಚರಣ ವ್ಯವಸ್ಥೆಯನ್ನು ಅಳಿಸಿ ಉಬುಂಟುವಿನ 22.04ನೆಯ ಆವೃತ್ತಿಯನ್ನು ಪ್ರತಿಷ್ಠಾಪಿಸಿದ್ದರು. ತಿರುವನಂತಪುರದ ಪೂಜಪ್ಪುರದಲ್ಲಿರುವ ಕೈಟ್ ಸಂಸ್ಥೆಯು ಉಬುಂಟುವನ್ನು ಆಧರಿಸಿ ರೂಪಿಸಿದ ವ್ಯವಸ್ಥೆಯೇ ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವುದರಿಂದ, ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಇಂತಹ ಸಾಹಸ ಅಪೂರ್ವವೇನಲ್ಲ.

ಫೈಲು ಹಾಳಾಗಿರಲಿಲ್ಲ, ಅದನ್ನು ಓದಬಲ್ಲವರು ಮನೆಯಲ್ಲಿರಲಿಲ್ಲ, ಅಷ್ಟೇ. ಅದೆಂತೆಂದರೆ, ಅಗಲಕ್ಕೆ 1920, ಎತ್ತರಕ್ಕೆ 1080 ಬಿಂದುಗಳುಳ್ಳ ಒಂದೇ ಚಿತ್ರದಲ್ಲಿ 20,73,600 ಬಿಂದುಗಳಿದ್ದು, ಪ್ರತಿ ಬಿಂದುವಿನ ವರ್ಣಕ್ಕೆ ಮೂರು ಬೈಟುಗಳಂತೆ, ಸೆಕೆಂಡಿಗೆ 25 ಚಿತ್ರಗಳಂತೆ ಲೆಕ್ಕ ಹಾಕಿದರೆ, ಒಂದು ಗಂಟೆಯ ಮದುವೆಗೆ ಸುಮಾರು 560 ಗಿಗಾಬೈಟುಗಳ ಸ್ಥಳ ಬೇಕಾದೀತು. ಈ ಗಾತ್ರವನ್ನು ಕುಗ್ಗಿಸುವ ಗಣಿತದ ಮೂಲಪುರುಷರಲ್ಲಿ ಒಬ್ಬರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ಅಲ್ಲಿಯೇ ಇಂಜಿನಿಯರಿಂಗ್ ಕಲಿತ ನಾಸಿರ್ ಅಹ್ಮದ್ ಎಂಬುದು ನಮ್ಮವರಿಗೇ ಹೆಚ್ಚಾಗಿ ತಿಳಿಯದು. 1972ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅವರು ಸಲ್ಲಿಸಿದ ಪ್ರಸ್ತಾವ ತೀರ ಸರಳವೆಂದು ತಿರಸ್ಕೃತವಾಯಿತಂತೆ! ಆದರೂ ನಟರಾಜನ್, ಕೆ. ಆರ್. ರಾವ್ ಇವರೊಡನೆ 1974ರಲ್ಲಿ ಅವರು ಪ್ರಕಟಿಸಿದ ‘ಡಿಸ್ಕ್ರೀಟ್ ಕೊಸೈನ್’ ರೂಪಾಂತರವು, ಚಿತ್ರದ ಒಂದೊಂದು ತುಣುಕನ್ನೂ ಮಂದ ಮತ್ತು ತೀವ್ರ ಏರಿಳಿತಗಳಾಗಿ ವಿಂಗಡಿಸಿ, ಕಣ್ಣಿಗೆ ಗೋಚರಿಸದ ಸೂಕ್ಷ್ಮಗಳನ್ನು ಬಿಟ್ಟುಬಿಡುವ ಉಪಾಯವನ್ನು ಲೋಕಕ್ಕೆ ಒದಗಿಸಿತು. 2003ರಲ್ಲಿ ಅಂಗೀಕೃತವಾದ ‘ಎಚ್.264’ ಎಂಬ ಸಂಕೇತಪದ್ಧತಿ ಇದೇ ರೂಪಾಂತರದ ಪೂರ್ಣಾಂಕ ರೂಪವನ್ನು ಬಳಸುವುದಲ್ಲದೆ, ಹಿಂದಿನ ಚಿತ್ರದಲ್ಲಿದ್ದುದನ್ನೇ ಮತ್ತೆ ಬರೆಯದೆ ಕದಲಿದ ಭಾಗವನ್ನಷ್ಟೇ ನಮೂದಿಸುತ್ತದೆ.

ಹೀಗೆ ಗೂಢವಾದ ಬರಹವನ್ನು ಬಿಡಿಸುವ ತಂತ್ರಾಂಶಕ್ಕೆ ಡಿಕೋಡರ್ ಎಂದು ಹೆಸರು. ‘ಎಚ್.264’ಕ್ಕೆ ಪೇಟೆಂಟುಗಳ ಬಂಧನವಿದ್ದುದರಿಂದ ಉಬುಂಟು ಅದರ ಡಿಕೋಡರನ್ನು ತಾನಾಗಿ ಸ್ಥಾಪಿಸದೆ, ಪ್ರತಿಷ್ಠಾಪನೆಯ ವೇಳೆ ಒಂದು ಚೌಕದಲ್ಲಿ ಗುರುತು ಹಾಕೆಂದು ಬಳಕೆದಾರನನ್ನು ಕೇಳುತ್ತದೆ. ಷಡ್ಡಕರು ಅದನ್ನು ಖಾಲಿ ಬಿಟ್ಟಿದ್ದರು. ಮದುವೆಯ ಧ್ವನಿಯಾದರೋ ಎಂಪಿ3ಯಲ್ಲಿತ್ತು. ಅದರ ಪರವಾನಗಿಯ ಕಟ್ಟಳೆ 2017ರಲ್ಲಿಯೇ ಮುಗಿದಿದ್ದುದರಿಂದ ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ನಾಗಸ್ವರ ಮುಕ್ತವಾಗಿ ಹೊರಬಂದು, ವಧೂವರರು ಕತ್ತಲೆಯಲ್ಲಿ ಉಳಿದುದಕ್ಕೆ ಕಾರಣ ಇಷ್ಟು ವಿಚಿತ್ರ.

ಇಂತಹ ಪ್ರಸಂಗದಲ್ಲಿ ಮೊದಲು ಮಾಡತಕ್ಕದ್ದು ಅದೇ ಫೈಲನ್ನು ವಿಎಲ್‌ಸಿ ಎಂಬ ಪ್ಲೇಯರಿನಲ್ಲಿ ತೆರೆದು ನೋಡುವುದು. ಏಕೆಂದರೆ ಅದು ಉಬುಂಟುವಿನ ಸ್ವಂತ ವಿಡಿಯೊ ಪ್ಲೇಯರ್ ಆತುಕೊಂಡಿರುವ ಜಿಸ್ಟ್ರೀಮರ್ ಎಂಬ ತಂತ್ರಾಂಶವನ್ನು ಅವಲಂಬಿಸದೆ ಬೇರೆ ದಾರಿಯಿಂದ ಸಂಕೇತವನ್ನು ಬಿಡಿಸುತ್ತದೆ. ಅಲ್ಲಿ ಚಿತ್ರ ಸರಿಯಾಗಿ ಮೂಡಿದರೆ ಫೈಲು ನಿರ್ದೋಷಿ. ಅಲ್ಲಿಯೂ ಹಸಿರು ಕಲೆಗಳೋ ಕಪ್ಪು ತೆರೆಯೋ ಕಂಡರೆ, ಅದರ ಆದ್ಯತೆಗಳಲ್ಲಿ ಹಾರ್ಡ್‌ವೇರ್ ವೇಗವರ್ಧನೆಯನ್ನು ನಿಲ್ಲಿಸಿ ಪುನಃ ಪರೀಕ್ಷಿಸಬೇಕು. ಆಗ ಗುಣವಾದರೆ, ಗ್ರಾಫಿಕ್ಸ್ ಕಾರ್ಡಿನ ಡ್ರೈವರು ಹೊಸ ವ್ಯವಸ್ಥೆಯೊಡನೆ ಹೊಂದಿಕೊಂಡಿಲ್ಲವೆಂದು ಶಂಕಿಸಿ, ತಕ್ಕ ಡ್ರೈವರನ್ನು ಆರಿಸಿಕೊಳ್ಳಬೇಕು. ಹಳೆಯದನ್ನು ಅಳಿಸದೆ ಮೇಲ್ದರ್ಜೆಗೇರಿಸಿದವರು ಇನ್ನೊಂದನ್ನು ನೆನಪಿಡುವುದು ಲೇಸು: ಹೊರಗಿನವರ ತಂತ್ರಾಂಶ ಭಂಡಾರಗಳನ್ನು ಉಬುಂಟು ಆ ವೇಳೆ ನಿಷ್ಕ್ರಿಯಗೊಳಿಸುತ್ತದೆ.

ನಮ್ಮಲ್ಲಿ ವಿಎಲ್‌ಸಿಯೊಳಗೆ ಮಂಟಪ ಕೂಡಲೇ ಕಾಣಿಸಿತು. ಆದರೆ ಎಂದಿನ ಪ್ಲೇಯರಿನಲ್ಲಿಯೇ ಕಾಣಬೇಕೆಂದು ಷಡ್ಡಕರು ಹಟ ಹಿಡಿದುದರಿಂದ, ಟರ್ಮಿನಲ್ಲಿನಲ್ಲಿ ‘ಉಬುಂಟು-ರಿಸ್ಟ್ರಿಕ್ಟೆಡ್-ಎಕ್ಸ್‌ಟ್ರಾಸ್’ ಎಂಬ ಕಟ್ಟನ್ನು ಸ್ಥಾಪಿಸಲು ತೊಡಗಿದೆ. ನಡುವೆ ಮೈಕ್ರೋಸಾಫ್ಟಿನ ಅಕ್ಷರಶೈಲಿಗಳ ಕರಾರುಪತ್ರವೊಂದು ತೆರೆಯನ್ನೆಲ್ಲ ಆವರಿಸಿ, ಮೌಸಿನ ಯಾವ ಒತ್ತಡಕ್ಕೂ ಜಗ್ಗದೆ ನಿಂತಿತು. ಟ್ಯಾಬ್ ಕೀಲಿಯಿಂದ ‘ಓಕೆ’ಗೆ ಸರಿದು ಎಂಟರ್ ಒತ್ತಿದ ಬಳಿಕವೇ ಅದು ದಾರಿ ಬಿಟ್ಟದ್ದು. ಪ್ಲೇಯರನ್ನು ಮುಚ್ಚಿ ತೆರೆದಾಗ ಕತ್ತಲೆ ಹರಿದು, ನಾಗಸ್ವರದ ಹಿಂದೆ ನಾಗಸ್ವರದವನೂ ಕಾಣಿಸಿಕೊಂಡನು. ಷಡ್ಡಕರು ಬೆರಳು ತೋರಿ ಹೆಸರು ಹಿಡಿದು ಕರೆದದ್ದು ಮಾತ್ರ ಮದುಮಗನನ್ನಲ್ಲ, ಮೂಲೆಯಲ್ಲಿ ಬೆವರೊರೆಸಿಕೊಳ್ಳುತ್ತಿದ್ದ ಅಡುಗೆಯ ಭಟ್ಟರನ್ನು.