ಚಿತ್ರವನ್ನೋದುವ ವಿದ್ಯೆ

ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ನಮ್ಮ ಮನೆಗಳಲ್ಲಿ ಮುಹೂರ್ತ ನೋಡುವ ಪದ್ಧತಿಯುಂಟು. ಅಕ್ಕಿಯ ಮೇಲೆ ಬೆರಳು ಹಿಡಿದು ತಿದ್ದಿಸಿದ ಮೊದಲಕ್ಷರದಿಂದ ಆರಂಭಿಸಿ, ಕಾಗುಣಿತ, ಒತ್ತಕ್ಷರ, ವಾಕ್ಯಗಳನ್ನು ಕ್ರಮವಾಗಿ ಕಲಿಸಿ, ಕೊನೆಗೆ ಬರೆದುದನ್ನೆಲ್ಲ ನಂಬಲಾಗದೆಂಬ ವಿವೇಕವನ್ನೂ ಹೇಳಿಕೊಡುತ್ತೇವೆ. ಚಿತ್ರದ ವಿಷಯದಲ್ಲಾದರೋ ಇಂಥ ಕ್ರಮವೊಂದೂ ಇಲ್ಲ. ಕಣ್ಣಿದ್ದವರಿಗೆಲ್ಲ ಚಿತ್ರವು ತಾನಾಗಿ ತಿಳಿಯುವುದೆಂದು ಭಾವಿಸಿ, ಚಲಚ್ಚಿತ್ರಗಳನ್ನೂ ಮೊಬೈಲಿನಲ್ಲಿ ಹರಿದುಬರುವ ದೃಶ್ಯಗಳನ್ನೂ ಮಕ್ಕಳ ಮುಂದೆ ಇಟ್ಟುಬಿಡುತ್ತೇವೆ. ನೋಡುವುದು ಬೇರೆ, ಓದುವುದು ಬೇರೆ ಎಂಬುದನ್ನು ಗೃಹಸ್ಥರಾದ ನಾವು ಕೊಂಚ ಆಲೋಚಿಸಬೇಕಾಗಿದೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಯ ಸೀಮೆಯವರಿಗೆ ಈ ಭೇದವು ಹೊಸದಾಗಿ ತೋರಲಾರದು. ತೋಟದಲ್ಲಿ ಬೆಳೆದವರ ಕಣ್ಣು ಪಳಗಿದ ಕಣ್ಣು. ಪಟ್ಟಣದಿಂದ ಬಂದವನಿಗೆ ಹಸುರೊಂದೇ ಕಾಣುವ ಕಡೆಯಲ್ಲಿ ಅವರು ಅರೇಬಿಕಾ ಗಿಡವನ್ನೂ ರೊಬಸ್ಟಾ ಗಿಡವನ್ನೂ ಬೇರೆ ಮಾಡಿ ಹೇಳುವರು. ಕೊಯ್ಲಿನ ಆಳು ಒಂದೇ ಗೊಂಚಲಿನಲ್ಲಿ ಕೆಂಪಾದ ಹಣ್ಣನ್ನು ಬಿಡಿಸಿ ಹಸುರುಕಾಯನ್ನು ಗಿಡದಲ್ಲಿ ಉಳಿಸುವಳು. ಹೂವಿನ ಮಳೆ ಬಿದ್ದಿತೇ, ಬಿದ್ದುದು ಸಾಕಾಯಿತೇ ಎಂಬುದನ್ನು ಬೆಳೆಗಾರನು ಮೊಗ್ಗನ್ನು ನೋಡಿ ತಿಳಿಯುವನು. ಈ ಶಕ್ತಿ ಯಾರಿಗೂ ಹುಟ್ಟಿನಿಂದ ಬಂದುದಲ್ಲ. ಹಿರಿಯರು ಪಕ್ಕದಲ್ಲಿ ನಿಂತು, ಇದನ್ನು ನೋಡು, ಅದನ್ನು ನೋಡು ಎಂದು ತೋರಿಸಿದ್ದರಿಂದ ಬಂದುದು. ಚಲಚ್ಚಿತ್ರವನ್ನೋದುವ ವಿದ್ಯೆಯೂ ಇದೇ ರೀತಿಯಲ್ಲಿ ಬರತಕ್ಕದ್ದು.

ಈ ವಿದ್ಯೆಯ ಮೊದಲ ಪಾಠವೇನೆಂದರೆ, ತೆರೆಯ ಮೇಲೆ ಕಾಣುವುದೆಲ್ಲ ಯಾರೋ ಒಬ್ಬರು ಆರಿಸಿಟ್ಟದ್ದು ಎಂಬುದು. ಕ್ಯಾಮರಾವನ್ನು ಎಲ್ಲಿಡಬೇಕು, ಎಷ್ಟು ಹೊತ್ತು ನೋಡಿಸಬೇಕು, ಯಾವುದರ ಹಿಂದೆ ಯಾವುದನ್ನು ಜೋಡಿಸಬೇಕು, ಏನನ್ನು ಚೌಕಟ್ಟಿನಿಂದ ಹೊರಗೆ ಬಿಡಬೇಕು ಎಂಬ ನಿರ್ಣಯಗಳಿಂದಲೇ ಚಿತ್ರಕ್ಕೆ ಅರ್ಥವುಂಟಾಗುವುದು. ಸುಮಾರು 1920ರಲ್ಲಿ ರಷ್ಯಾದ ಕುಲೆಶೋವ್ ಎಂಬ ನಿರ್ದೇಶಕನು ಮಾಡಿದ ಪ್ರಯೋಗವು ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಅವನು ಒಬ್ಬ ನಟನ ನಿರ್ವಿಕಾರವಾದ ಮುಖದ ಒಂದೇ ಚಿತ್ರವನ್ನು ಒಮ್ಮೆ ಸಾರಿನ ಬಟ್ಟಲಿನೊಡನೆಯೂ, ಒಮ್ಮೆ ಶವಪೆಟ್ಟಿಗೆಯೊಡನೆಯೂ, ಒಮ್ಮೆ ಆಡುತ್ತಿರುವ ಮಗುವಿನೊಡನೆಯೂ ಜೋಡಿಸಿದನು. ನೋಡಿದವರು ಆ ನಟನ ಚಿಂತಾಮಗ್ನತೆಯನ್ನೂ ಶೋಕವನ್ನೂ ಆನಂದವನ್ನೂ ಮೆಚ್ಚಿಕೊಂಡರೆಂದು ಅವನ ಸಹೋದ್ಯೋಗಿಯಾದ ಪುದೋವ್ಕಿನ್ನನು ಬರೆದಿಟ್ಟಿರುವನು. ಮುಖವು ಬದಲಾಗಲಿಲ್ಲ, ಜೋಡಣೆಯು ಬದಲಾಯಿತು, ಅಷ್ಟೆ.

ಕಾಫಿಯ ಸೀಮೆಗೆ ಈ ಪಾಠವು ಇನ್ನೂ ಹತ್ತಿರದ್ದು. ನಮ್ಮ ಗಿರಿಗಳು ಎಷ್ಟೋ ಚಿತ್ರಗಳ ಹಾಡುಗಳಲ್ಲಿ ಬಂದುಹೋಗುತ್ತವೆ. ಅಲ್ಲಿ ಮಂಜು ಇದೆ, ಇಳಿಜಾರಿನ ಹಸುರಿದೆ, ನಾಯಕ ನಾಯಿಕೆಯರಿದ್ದಾರೆ. ಲೈನುಮನೆಯ ಒಲೆಯ ಹೊಗೆ, ಜಿಗಣೆ ಕಚ್ಚಿದ ಕಾಲು, ಕಣದಲ್ಲಿ ಹರಡಿದ ಕಾಫಿ ಅಕಾಲದ ಮಳೆಗೆ ತೊಯ್ದಾಗಿನ ಮನೆಯವರ ಕಳವಳ, ಇವು ಚೌಕಟ್ಟಿನೊಳಗೆ ಬರುವುದು ಅಪರೂಪ. ಹೊರಗಿನವರು ಅದನ್ನು ಕಂಡು ಮಲೆನಾಡೆಂದರೆ ಇಷ್ಟೇ ಎಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಇಲ್ಲಿಯ ಮಕ್ಕಳೇ ತಮ್ಮ ಊರನ್ನು ಪರರ ಚೌಕಟ್ಟಿನಿಂದ ನೋಡಲು ಕಲಿತು, ತಾವು ದಿನವೂ ಕಾಣುವ ಬಾಳು ಚಿತ್ರಕ್ಕೆ ತಕ್ಕದ್ದಲ್ಲವೆಂದು ಬಗೆದರೆ, ಆ ನಷ್ಟವು ಸಣ್ಣದಲ್ಲ.

ಇಂಥ ಶಿಕ್ಷಣವು ಹಳ್ಳಿಯಲ್ಲಿ ನಡೆಯಬಲ್ಲುದೇ ಎಂದು ಕೇಳುವವರಿಗೆ ಮಲೆನಾಡೇ ಉತ್ತರ ಕೊಟ್ಟಿದೆ. ಕಾಫಿಯ ಸೀಮೆಯಿಂದ ಉತ್ತರಕ್ಕೆ, ಅಡಿಕೆಯ ತೋಟಗಳ ನಡುವೆ, ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಶ್ರೀ ಕೆ. ವಿ. ಸುಬ್ಬಣ್ಣನವರೂ ಅವರ ಗೆಳೆಯರೂ 1949ರಲ್ಲಿ ಹುಟ್ಟಿಸಿದ ನೀನಾಸಂ ಸಂಸ್ಥೆಯು 1973ರಲ್ಲಿ ಒಂದು ಚಿತ್ರಸಮಾಜವನ್ನು ಸ್ಥಾಪಿಸಿತು. ದೇಶವಿದೇಶಗಳ ಶ್ರೇಷ್ಠ ಚಿತ್ರಗಳನ್ನು ತರಿಸಿ ಹಳ್ಳಿಯವರಿಗೆ ತೋರಿಸುವುದು, ಅವನ್ನು ಕುರಿತು ಚರ್ಚಿಸುವುದು, ಶಿಬಿರಗಳನ್ನು ನಡೆಸಿ ಚಿತ್ರವನ್ನು ಆಸ್ವಾದಿಸುವ ಬಗೆಯನ್ನು ಕಲಿಸುವುದು ಅದರ ಕೆಲಸವಾಯಿತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಈ ವಿಷಯದ ಪ್ರಾಧ್ಯಾಪಕರಾಗಿದ್ದ ಸತೀಶ ಬಹಾದ್ದೂರರು ಇಲ್ಲಿಗೆ ಬಂದು ಪಾಠ ಹೇಳಿದರು. ಸತ್ಯಜಿತ್ ರೇ ಅವರ 1955ರ ‘ಪಥೇರ್ ಪಾಂಚಾಲಿ’ಯನ್ನು ದೃಶ್ಯ ದೃಶ್ಯವಾಗಿ ಬಿಡಿಸಿ ವಿವರಿಸುವುದರಲ್ಲಿ ಅವರು ಹೆಸರಾದವರು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯು ಬಂದಿತು. ಹಳ್ಳಿಯ ಜನಕ್ಕೆ ಒಳ್ಳೆಯ ಚಿತ್ರವು ಹಿಡಿಸದೆಂಬ ಪಟ್ಟಣದವರ ಮಾತನ್ನು ಹೆಗ್ಗೋಡು ಸುಳ್ಳು ಮಾಡಿ ತೋರಿಸಿತು.

ಕಾಫಿಯ ಸೀಮೆಯವರಿಗೆ ದೂರದಿಂದ ಚಿತ್ರಗಳನ್ನು ತರಿಸುವ ಶ್ರಮವೂ ಅಷ್ಟಾಗಿ ಬೇಕಿಲ್ಲ. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು ಬಾಳಿ 2007ರಲ್ಲಿ ತೀರಿಕೊಂಡ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು ಬರಹದಷ್ಟೇ ಶ್ರದ್ಧೆಯಿಂದ ಕ್ಯಾಮರಾವನ್ನೂ ಹಿಡಿದವರು. ಹಕ್ಕಿಯೊಂದರ ಚಿತ್ರಕ್ಕಾಗಿ ಕಾದು ಕುಳಿತುಕೊಳ್ಳಬಲ್ಲವರಾಗಿದ್ದರು. ಅವರ ಕಥೆಗಳು ಹಲವು ತೆರೆಗೆ ಬಂದಿವೆ. ‘ಅಬಚೂರಿನ ಪೋಸ್ಟಾಫೀಸು’ ಎನ್. ಲಕ್ಷ್ಮೀನಾರಾಯಣರಿಂದ 1973ರಲ್ಲಿ ಚಿತ್ರವಾಯಿತು. ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’ಯು 1986ರ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು, ತಬರನ ಪಾತ್ರ ವಹಿಸಿದ ಚಾರುಹಾಸನ್ ಅವರಿಗೆ ಶ್ರೇಷ್ಠ ನಟನೆಂಬ ಪ್ರಶಸ್ತಿಯೂ ಬಂದಿತು. ‘ಕಿರಗೂರಿನ ಗಯ್ಯಾಳಿಗಳು’ 2016ರಲ್ಲಿಯೂ ‘ಡೇರ್‌ಡೆವಿಲ್ ಮುಸ್ತಾಫಾ’ 2023ರಲ್ಲಿಯೂ ತೆರೆಕಂಡವು. ಒಂದೇ ಸಂಗತಿಯು ಅಕ್ಷರದಲ್ಲಿ ಹೇಗೆ, ಚಿತ್ರದಲ್ಲಿ ಹೇಗೆ ಎಂದು ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ದೊರೆಯುವುದು ಕಷ್ಟ.

ಮನೆಯಲ್ಲಿ ಇದನ್ನು ಮಾಡುವ ಕ್ರಮ ಹೀಗೆ. ಮೊದಲು ಕಥೆಯನ್ನು ಎಲ್ಲರೂ ಕೇಳುವಂತೆ ಗಟ್ಟಿಯಾಗಿ ಓದಬೇಕು. ಬೇರೊಂದು ದಿನ ಚಿತ್ರವನ್ನು ನಡುವೆ ಮಾತಾಡದೆ ಪೂರ್ತಿ ನೋಡಬೇಕು. ಆಮೇಲೆ ಒಂದೆರಡು ದೃಶ್ಯಗಳನ್ನು ಮಾತ್ರ ಮತ್ತೆ ಹಾಕಿ, ನಿಲ್ಲಿಸಿ ನಿಲ್ಲಿಸಿ ಮಕ್ಕಳನ್ನು ಪ್ರಶ್ನಿಸಬೇಕು. ತಬರನು ನಿವೃತ್ತನಾದ ಬಡ ನೌಕರ. ಹೆಂಡತಿಯ ಕಾಲಿನ ಹುಣ್ಣು ಏರುತ್ತಿದೆ, ಪಿಂಚಣಿಯೋ ಬರುತ್ತಿಲ್ಲ. ದಿನಗಳು ಕಳೆದುವೆಂದು ಹೇಳಲು ಬರೆಯುವವನಿಗೆ ಒಂದು ವಾಕ್ಯ ಸಾಕು. ಚಿತ್ರವು ಆ ವಿಳಂಬವನ್ನು ನಮಗೆ ಹೇಗೆ ತಿಳಿಯಪಡಿಸಿತು? ಕಚೇರಿಯ ದೃಶ್ಯದಲ್ಲಿ ಕ್ಯಾಮರಾ ಯಾರ ಬಳಿ ನಿಂತಿದೆ? ಮಾತಿಲ್ಲದೆ ತಿಳಿದ ವಿಷಯ ಯಾವುದು? ಕಥೆಯಲ್ಲಿದ್ದು ಚಿತ್ರದಲ್ಲಿ ಬಿಟ್ಟದ್ದೇನು? ಉತ್ತರ ಸರಿಯೋ ತಪ್ಪೋ ಎಂದು ಅಂಕ ಹಾಕಲು ಹೋಗಬಾರದು. ಚಿತ್ರದಲ್ಲಿ ಅದನ್ನು ಎಲ್ಲಿ ಕಂಡೆ ಎಂದು ಕೇಳಿದರೆ ಸಾಕು. ಮಗುವು ತಾನಾಗಿ ಮತ್ತೊಮ್ಮೆ ನೋಡುವುದು.

ಇನ್ನೂ ಚಿಕ್ಕ ಮಕ್ಕಳಿಗಾದರೆ ಒಂದು ರಟ್ಟಿನ ನಡುವೆ ಆಯತಾಕಾರವಾಗಿ ಕತ್ತರಿಸಿ ಕೈಗೆ ಕೊಡಿರಿ. ಜಗಲಿಯಲ್ಲಿ ನಿಂತು ಅದರ ಮೂಲಕ ಕಣವನ್ನು ನೋಡಲಿ. ಬಳಿಕ ಕಣದಲ್ಲಿ ಕುಳಿತು ಕಾಫಿ ಹರವುವವರ ಪಕ್ಕದಿಂದ ಜಗಲಿಯನ್ನು ನೋಡಲಿ. ಒಂದೇ ಮನೆಯು ಎರಡು ಚಿತ್ರಗಳಾಗಿ ತೋರುವುದು. ಅಜ್ಜನ ಮುಖದ ಒಂದು ಫೋಟೋವನ್ನು ತೆಗೆದು, ತೊಯ್ದ ಕಾಫಿಯ ಚಿತ್ರದ ಪಕ್ಕದಲ್ಲಿ ಒಮ್ಮೆ, ತೊಟ್ಟಿಲಿನ ಕೂಸಿನ ಚಿತ್ರದ ಪಕ್ಕದಲ್ಲಿ ಒಮ್ಮೆ ಇಟ್ಟು ತೋರಿಸಿದರೆ, ಕುಲೆಶೋವನ ಪ್ರಯೋಗವು ಖರ್ಚಿಲ್ಲದೆ ಮನೆಯಲ್ಲೇ ಆದಂತಾಯಿತು.

ಹೀಗೆ ಬಿಡಿಸಿ ನೋಡಿದರೆ ಚಿತ್ರದ ಸಂತೋಷವೇ ಕೆಟ್ಟುಹೋಗದೇ ಎಂದು ಕೆಲವರು ಶಂಕಿಸಬಹುದು. ರಾಗವನ್ನರಿತವನಿಗೆ ಸಂಗೀತದ ಸುಖವು ಕಡಿಮೆಯಾದುದನ್ನು ನಾವು ಎಲ್ಲಿಯೂ ಕಂಡಿಲ್ಲ. ಮೇಲಾಗಿ ಇದು ಕೇವಲ ಸಂತೋಷದ ಮಾತೂ ಅಲ್ಲ. ಎಲ್ಲಿಯದೋ ಗಲಭೆಯ ದೃಶ್ಯವನ್ನು ನಮ್ಮೂರಿನದೆಂದು ಹೆಸರಿಟ್ಟು ಹರಿಯಬಿಡುವುದೂ, ಆಡದ ಮಾತನ್ನು ಒಬ್ಬರ ಬಾಯಲ್ಲಿ ಯಂತ್ರದಿಂದ ಆಡಿಸುವುದೂ ಈಗ ಸುಲಭವಾಗಿವೆ. ಅಂಥದೊಂದು ಚಿತ್ರವು ಮನೆಯ ಮೊಬೈಲಿಗೆ ಬಂದಾಗ, ಇದನ್ನು ತೆಗೆದವರಾರು, ಇದರ ಹಿಂದೆ ಮುಂದೆ ಏನಿತ್ತು, ಚೌಕಟ್ಟಿನ ಹೊರಗೆ ಏನು ಉಳಿಯಿತು ಎಂದು ಕೇಳುವ ಹುಡುಗನೋ ಹುಡುಗಿಯೋ ಆ ಮನೆಯಲ್ಲೊಬ್ಬರಿದ್ದರೆ, ನೆರೆಹೊರೆಯವರ ಮೇಲೆ ವೃಥಾ ಹುಟ್ಟುವ ದ್ವೇಷವು ಅಲ್ಲಿಗೇ ನಿಲ್ಲುವುದು.

ಮಳೆಗಾಲದಲ್ಲಿ ತೋಟದ ಕೆಲಸ ನಿಂತು ಮನೆಮಂದಿಯೆಲ್ಲ ಒಳಗೆ ಕೂರುವ ಸಂಜೆಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ. ವಾರಕ್ಕೊಂದು ಸಂಜೆ ಈ ಅಭ್ಯಾಸಕ್ಕೆ ಮೀಸಲಾದರೆ, ಕೊಯ್ಲು ಬರುವಷ್ಟರಲ್ಲಿ ಮಕ್ಕಳ ಕಣ್ಣು ಪಳಗಿರುವುದು. ಅಕ್ಷರಾಭ್ಯಾಸದಂತೆ ಇದಕ್ಕೆ ಮುಹೂರ್ತವನ್ನು ನೋಡಬೇಕಾದುದೂ ಇಲ್ಲ.